ಮಂಗೇಶ ಕೇಳಿದ ಎಣ್ಣೆ

ಅಂಕೋಲೆಯ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಕೇಣಿಯ ಮಂಗೇಶನ ಬಿಳಿ ಅಂಬಾಸಿಡರ್ ಎಂದರೆ ಜನರಿಗೆ ಒಂದು ಧೈರ್ಯ. ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗಬೇಕಾದವರು, ರೈಲಿಗೆ ಹೊತ್ತಾದವರು, ಕೈಗಾದಲ್ಲಿ ಕೆಲಸಕ್ಕಿದ್ದ ಮಗಳ ಬಾಣಂತನಕ್ಕೆ ಹೊರಟ ತಾಯಂದಿರು ಮೊದಲು ಅವನನ್ನೇ ವಿಚಾರಿಸುತ್ತಿದ್ದರು. ಅವನೇನೂ ಜೋರಾಗಿ ಓಡಿಸುವವನಲ್ಲ. ಮಾತೂ ಕಡಿಮೆ. ಆದರೆ ಅವನ ಗಾಡಿ ನಡುದಾರಿಯಲ್ಲಿ ಕೈಕೊಟ್ಟದ್ದನ್ನು ಯಾರೂ ಕಂಡಿರಲಿಲ್ಲ.

ಮೀನುಗಾರರ ಮನೆಯಲ್ಲಿ ಹುಟ್ಟಿದವನು ರಸ್ತೆಯ ಪಾಲಾದದ್ದಕ್ಕೆ ಕಾರಣವಿತ್ತು. ಮೀಸೆ ಮೂಡುವ ವಯಸ್ಸಿನಲ್ಲಿ ಅವನು ಕಾರವಾರದ ಬೈತಖೋಲ ಬಂದರಿನಲ್ಲಿ ಸೋದರಮಾವನ ಟ್ರಾಲರ್ ಬೋಟಿಗೆ ಇಂಜಿನ್ ನೋಡಿಕೊಳ್ಳಲು ಸೇರಿದ್ದ. ಆ ವರ್ಷ ಬಂಗಡೆ ಮೀನು ಬಲೆಗೆ ರಾಶಿ ರಾಶಿಯಾಗಿ ಬೀಳುತ್ತಿತ್ತು. ಬೋಟು ಬಂದರಿಗೆ ಬಂದು ಮೀನು ಇಳಿಸಿ, ಮಂಜುಗಡ್ಡೆ ತುಂಬಿಕೊಂಡು ಹಾಗೆಯೇ ಮತ್ತೆ ಹೊರಡುವುದು. ಇಂಜಿನ್ನಿನ ಆಯ್ಲ್ ಬದಲಿಸಬೇಕೆಂದು ಮಂಗೇಶ ಹೇಳಿದಾಗಲೆಲ್ಲ ಮಾವ, "ಇದೊಂದು ಸಲ ಹೋಗಿ ಬರುವ, ಆಮೇಲೆ ನೋಡುವ" ಎನ್ನುತ್ತಿದ್ದ. ಒಂದು ಮಧ್ಯಾಹ್ನ ದೇವಗಡ ದ್ವೀಪವನ್ನು ದಾಟಿ ಬಹುದೂರ ಹೋದಮೇಲೆ ಇಂಜಿನ್ ಒಮ್ಮೆ ಕಿರುಚಿ ಬಿಗಿದು ನಿಂತಿತು. ಗಾಳಿ ಎದ್ದಿತ್ತು. ಮಾಜಾಳಿಯ ಬೋಟಿನವರು ಕಂಡು ಎಳೆದು ತರುವವರೆಗೆ ಮಾವ ಕಂಡ ಕಂಡ ದೇವರಿಗೆಲ್ಲ ಹರಕೆ ಹೊರುತ್ತಿದ್ದ. ಮಂಗೇಶ ಆಯ್ಲ್ ನೋಡುವ ಕಡ್ಡಿಯನ್ನು ಹೊರಗೆಳೆದು, ಅದಕ್ಕೆ ಅಂಟಿದ್ದ ಕರಿಯ ಲೋಳೆಯನ್ನೇ ನೋಡುತ್ತ ಕೂತಿದ್ದ. ಆ ಬೋಟಿಗೆ ಅವನು ಮತ್ತೆ ಹತ್ತಲಿಲ್ಲ. ಡ್ರೈವಿಂಗ್ ಕಲಿತ, ಯಾರ್ಯಾರದೋ ಗಾಡಿ ಓಡಿಸಿದ, ಕೊನೆಗೆ ತನ್ನದೇ ಒಂದು ಹಳೆಯ ಡೀಸೆಲ್ ಅಂಬಾಸಿಡರ್ ಮಾಡಿಕೊಂಡ.

ಅದನ್ನು ಅವನು ನೋಡಿಕೊಂಡ ರೀತಿಯನ್ನು ಸ್ಟ್ಯಾಂಡಿನವರು ಹಾಸ್ಯ ಮಾಡುವುದಿತ್ತು. ಆಯ್ಲ್ ಬದಲಿಸಲು ಗಾಡಿಯ ಪುಸ್ತಕದಲ್ಲಿ ಐದು ಸಾವಿರ ಕಿಲೋಮೀಟರ್ ಎಂದಿದ್ದರೆ ಮಂಗೇಶ ಅದಕ್ಕೆ ಬಹಳ ಮೊದಲೇ ಬದಲಿಸುತ್ತಿದ್ದ.

"ಪುಸ್ತಕ ಬರ್ದವ್ರು ನಮ್ಮ ಅರಬೈಲ್ ಘಟ್ಟ ಹತ್ತಿದ್ದಾರಾ?" ಎಂದು ಕೇಳುತ್ತಿದ್ದ. "ನಮ್ದು ಒಂದೋ ಘಟ್ಟ, ಇಲ್ಲಾ ಸ್ಟೇಷನ್ನಿಂದ ಪ್ಯಾಟೆಗೆ ಚಿಲ್ಲರೆ ಓಡಾಟ. ಇಂಜಿನ್ ಸಮಾ ಬಿಸಿಯಾಗೂದ್ರೊಳಗೆ ಬಂದ್ ಮಾಡೂದು. ಅಂಥ ಗಾಡಿ ಆಯ್ಲು ಬೇಗ ಸಾಯ್ತದೆ."

ಮಳೆಗಾಲದಲ್ಲಿ ಗಾಡಿ ಹೆಚ್ಚು ಓಡದಿದ್ದರೂ ಚೌತಿಗೆ ಮೊದಲು ಒಮ್ಮೆ ಬದಲಿಸಲೇಬೇಕು. ನಿಂತಲ್ಲೇ ನಿಂತರೂ ಆಯ್ಲಿಗೆ ವಯಸ್ಸಾಗುತ್ತದೆ ಎನ್ನುವುದು ಅವನ ನಂಬಿಕೆ. ಬಣ್ಣ ನೋಡಿ ಅವನು ಏನನ್ನೂ ನಿರ್ಧರಿಸುತ್ತಿರಲಿಲ್ಲ. ಡೀಸೆಲ್ ಗಾಡಿಯಲ್ಲಿ ಹೊಸ ಆಯ್ಲೂ ಮರುದಿನಕ್ಕೆ ಕಪ್ಪಾಗುತ್ತದೆ. ಕಡ್ಡಿಯ ತುದಿಯಿಂದ ಒಂದು ಹನಿ ತೆಗೆದು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕುವನು, ಮೂಗಿಗೆ ಹಿಡಿಯುವನು, ಆಮೇಲೆ ಬೆರಳನ್ನು ಲುಂಗಿಗೆ ಒರೆಸುವನು. ಹೆಂಡತಿ ದುರ್ಗಿ ಮದುವೆಯಾದಂದಿನಿಂದ ಆ ಕಲೆ ತಿಕ್ಕಿ ತೊಳೆದು ಸಾಕಾಗಿದ್ದಳು. ಯಾವಾಗ ಬದಲಿಸಿದ್ದು, ಮುಂದೆ ಯಾವಾಗ ಎನ್ನುವುದೆಲ್ಲ ಅವನ ತಲೆಯಲ್ಲೇ ಇರುತ್ತಿತ್ತು. ಬೇರೆಯವರು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಎರಡು ಸಾವಿರದ ಆರನೆಯ ಇಸವಿಯ ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಮಂಗೇಶ ಬಾವಿಕಟ್ಟೆಯಲ್ಲಿ ಮುಖ ತೊಳೆಯುತ್ತಿದ್ದ. ಗಾಡಿಯ ಆಯ್ಲಿನ ಅವಧಿ ಅದಾಗಲೇ ಮುಗಿದಿತ್ತು. ಹಬ್ಬದ ಗಡಿಬಿಡಿಯಲ್ಲಿ ತುಸು ಮುಂದೆ ಹೋಗಿದ್ದರಿಂದ ಆ ದಿನವೇ ಬದಲಿಸುವುದೆಂದು ಹೊಸ ಡಬ್ಬಿ ತಂದು ಡಿಕ್ಕಿಯಲ್ಲಿ ಇಟ್ಟಿದ್ದ. ಬಲಗೈಯಲ್ಲಿದ್ದ ತಂಬಿಗೆ ತಾನಾಗಿ ಜಾರಿತು. ಎತ್ತಿಕೊಳ್ಳಲು ಬಾಗಿದವನಿಗೆ ಬಲಗಾಲು ಇದ್ದಂತೆಯೇ ಅನಿಸಲಿಲ್ಲ. ದುರ್ಗಿ ಓಡಿ ಬಂದಾಗ ಅವನು ಬಾವಿಕಟ್ಟೆಗೆ ಒರಗಿ ಕೂತು ಏನೋ ಹೇಳಲು ಯತ್ನಿಸುತ್ತಿದ್ದ. ಬಾಯಿ ಒಂದು ಕಡೆ ಎಳೆದಿತ್ತು.

ಕಾರವಾರದ ಆಸ್ಪತ್ರೆಯಿಂದ ಮನೆಗೆ ಬಂದ ಮಂಗೇಶನಿಗೆ ಬಲಭಾಗವೂ ಮಾತೂ ಹೋಗಿದ್ದವು. ಕಿವಿ ಚೆನ್ನಾಗಿತ್ತು, ಬುದ್ಧಿಯೂ ಮೊದಲಿನಂತೆಯೇ ಇತ್ತು. ಜನ ಆಡುವುದೆಲ್ಲ ತಿಳಿಯುತ್ತಿತ್ತು. ಹೇಳಬೇಕಾದ ಮಾತು ತಿಳಿನೀರಿನಲ್ಲಿ ಮೀನು ಕಂಡಂತೆ ಕಾಣುತ್ತಿತ್ತು. ಹಿಡಿಯಲು ಹೋದರೆ ಇಲ್ಲ. "ಹಾಂ" ಬರುತ್ತಿತ್ತು, "ಬ್ಯಾಡ" ಬರುತ್ತಿತ್ತು. ಕೆಲವೊಮ್ಮೆ ಅವನು ಹುಡುಕಿದ ಮಾತಿನ ಬದಲು ಅದರ ನೆಂಟನಂಥ ಇನ್ನೊಂದು ಮಾತು ಬಾಯಿಗೆ ಬಂದು ಬೀಳುತ್ತಿತ್ತು. ನೀರು ಬೇಕಾದಾಗ "ತಂಬಿಗೆ" ಎನ್ನುತ್ತಿದ್ದ. ಮಗಳು ಲತಾ ಸದಾಶಿವಗಡದಲ್ಲಿ ಗಂಡನ ಮನೆಯಲ್ಲಿದ್ದಳು. ಪ್ರತಿ ಆದಿತ್ಯವಾರ ಬಂದು ಅಪ್ಪನ ಬಳಿ ಕೂತು ಹೋಗುತ್ತಿದ್ದಳು. ಮಂಗೇಶ ವಾರದ ನಡುವೆಯೂ "ಲತಾ, ಲತಾ" ಎಂದು ಕರೆಯುವನು. ದುರ್ಗಿ ಬಂದು ಸಮಾಧಾನ ಮಾಡುವಳು: "ಬರ್ತಾಳೆ, ಆಯ್ತವಾರ ಬರ್ತಾಳೆ." ಅವನು ಕಣ್ಣು ಮುಚ್ಚಿಕೊಳ್ಳುವನು.

ಲತಾಳೇ ಕಾರವಾರದಿಂದ ವೈದ್ಯರ ತೈಲದ ಬಾಟಲಿ ತಂದುಕೊಟ್ಟಳು. ದುರ್ಗಿ ಬೆಳಿಗ್ಗೆ ಮೀನು ಮಾರಲು ಮೀನುಪೇಟೆಗೆ ಹೋಗುವ ಮೊದಲು ಅದನ್ನು ಬಟ್ಟಲಿನಲ್ಲಿ ಬೆಚ್ಚಗೆ ಮಾಡಿ ಅವನ ಬಲಗೈಗೆ, ಕಾಲಿಗೆ ತಿಕ್ಕುತ್ತಿದ್ದಳು.

ಗಾಡಿಯನ್ನು ಸುಮ್ಮನೆ ನಿಲ್ಲಿಸುವಂತಿರಲಿಲ್ಲ. ಬೆಳಸೆಯ ಬೀರು ಗೌಡ ಓಡಿಸಲು ಒಪ್ಪಿಕೊಂಡ. ಮೊದಲು ಲಾರಿಯ ಮೇಲಿದ್ದವನು, ಕುಡಿತದ ಚಟವಿಲ್ಲ, ಸ್ಟಿಯರಿಂಗ್ ಹಿಡಿದರೆ ಬೇರೆ ಯೋಚನೆಯಿಲ್ಲ. ಪ್ರತಿದಿನ ಬಂದು ಮೊದಲು ಜಗಲಿಗೆ ಹತ್ತಿ ಮಂಗೇಶನನ್ನು ಮಾತಾಡಿಸಿಯೇ ಗಾಡಿಯ ಬಳಿಗೆ ಹೋಗುವನು. ಬಾನೆಟ್ ಎತ್ತಿ ನೀರು ನೋಡುವನು, ಕಡ್ಡಿ ಎಳೆದು ಆಯ್ಲ್ ನೋಡುವನು, ಕಡಿಮೆಯಿದ್ದರೆ ಡಿಕ್ಕಿಯ ಡಬ್ಬಿಯಿಂದ ಒಂದಿಷ್ಟು ಹಾಕುವನು. ಯಾರಾದರೂ ಗಾಡಿಯ ಬಗ್ಗೆ ಕೇಳಿದರೆ, "ಮಂಗೇಶಣ್ಣನ ಗಾಡಿ ಅಲ್ವೇನಾ, ಎಲ್ಲಾ ಸಮಾ ಇರ್ತದೆ" ಎನ್ನುವನು.

ಬಾನೆಟ್ ಮುಚ್ಚುವ ಸದ್ದು ಒಳಕೋಣೆಯ ಮಂಚದ ಮೇಲಿದ್ದ ಮಂಗೇಶನಿಗೆ ಕೇಳುತ್ತಿತ್ತು. ಡಬ್ಬಿಯ ಮುಚ್ಚಳ ತಿರುಗಿಸುವ ಸದ್ದೂ ಕೇಳುತ್ತಿತ್ತು. ಬದಲಿಸಲೆಂದು ತಂದ ಆಯ್ಲನ್ನು ಬೀರು ಹಳೆಯದರ ಮೇಲೆ ಚೂರು ಚೂರಾಗಿ ಸುರಿಯುತ್ತಿದ್ದಾನೆ. ಕೊಳಕು ನೀರಿನ ಹಂಡೆಗೆ ಒಂದು ಚೊಂಬು ಒಳ್ಳೆಯ ನೀರು ಹಾಕಿದರೆ ಹಂಡೆ ತುಂಬುತ್ತದೆ, ನೀರು ಶುದ್ಧವಾಗುತ್ತದೆಯೇ? ಇದನ್ನು ಹೇಳಲು ಅವನು ಬಾಯಿ ತೆರೆದ. ಜೀವಮಾನವೆಲ್ಲ ಗಾಡಿಗೆ "ಆಯ್ಲ್" ಎಂದೂ ತಲೆಗೆ, ಒಗ್ಗರಣೆಗೆ "ಎಣ್ಣೆ" ಎಂದೂ ಹೇಳಿದ ನಾಲಿಗೆ ಅದು. ಆಯ್ಲ್ ಎನ್ನುವ ಮಾತು ಈಗ ಅದರಲ್ಲಿ ಇರಲಿಲ್ಲ.

"ಎಣ್ಣೆ," ಎಂದ ಮಂಗೇಶ.

ದುರ್ಗಿ ಅಡುಗೆಮನೆಯಿಂದ ತೈಲದ ಬಟ್ಟಲು ತಂದಳು. ಗಂಡ ತಾನಾಗಿ ಕೇಳಿದನೆಂದು ಅವಳಿಗೆ ಸಂತೋಷವೇ ಆಗಿತ್ತು.

ಅಲ್ಲಿಂದ ಶುರುವಾದದ್ದು ಚಳಿಗಾಲವಿಡೀ ನಡೆಯಿತು. ಬೀರು ಗಾಡಿ ಚಾಲೂ ಮಾಡುವನು. ಹೊರಡುವ ಮೊದಲು ಇಂಜಿನ್ನಿನ ತಲೆಯ ಭಾಗದಲ್ಲಿ ಟಕಟಕ ಎಂಬ ಸದ್ದು. ಹಿಂದೆ ಅದು ಬಂದದ್ದು ತಿಳಿಯುವಷ್ಟರಲ್ಲಿ ಅಡಗುತ್ತಿತ್ತು, ಈಗ ಗಾಡಿ ಗೇಟು ದಾಟಿದರೂ ಕೇಳುತ್ತದೆ. ಮಂಗೇಶ "ಎಣ್ಣೆ" ಎನ್ನುವನು. ದುರ್ಗಿ ತೈಲ ತರುವಳು. ಅವನು "ಬ್ಯಾಡ" ಎಂದು ಎಡಗೈಯಿಂದ ದೂಡುವನು. ಅವಳು ಮಗುವನ್ನು ರಮಿಸುವಂತೆ ರಮಿಸಿ ಹಚ್ಚುವಳು. ಒಮ್ಮೆ ಅವನು ಬಟ್ಟಲನ್ನು ಎತ್ತಿ ಗೋಡೆಗೆ ಎಸೆದ. ದುರ್ಗಿ ನೆಲ ಒರೆಸಿದಳು. ಆಮೇಲೆ ಹಿತ್ತಿಲಿಗೆ ಹೋಗಿ ಅತ್ತದ್ದು ಅವನಿಗೆ ಕೇಳಿತು. ಅಂದಿನಿಂದ ಅವನು ಎಸೆಯುವುದನ್ನು ಬಿಟ್ಟ. ಎಣ್ಣೆ ಹಚ್ಚಿಸಿಕೊಂಡು, ಮಾಡಿನ ಹಂಚು ನೋಡುತ್ತ, ಆ ಟಕಟಕ ರಸ್ತೆಯ ತಿರುವಿನಲ್ಲಿ ಮರೆಯಾಗುವವರೆಗೆ ಕೇಳುತ್ತ ಮಲಗಿರುತ್ತಿದ್ದ. ಗಾಡಿ ಹಾಳಾಗುತ್ತದೆ ಎಂಬ ಚಿಂತೆಗಿಂತ ದೊಡ್ಡ ಚಿಂತೆಯೊಂದು ಅವನನ್ನು ಹಿಂಡುತ್ತಿತ್ತು. ಅದರಲ್ಲಿ ಜನ ಕೂರುತ್ತಾರೆ. ಮಂಗೇಶನ ಗಾಡಿ ಎಂದು ನಂಬಿ ಕೂರುತ್ತಾರೆ.

ಶಿವರಾತ್ರಿಯ ನಂತರ ಒಂದು ಬೆಳಿಗ್ಗೆ ಬೀರು ಬೇಗ ಬಂದ. ಅವನದೇ ಊರಿನ ದೇವಿ ಎಂಬ ಮುದುಕಿಗೆ ಹುಬ್ಬಳ್ಳಿಯಲ್ಲಿ ಕಣ್ಣಿನ ಆಪರೇಷನ್ನು. ಅವಳ ಮಗ ಸೊಸೆಯೂ ಜೊತೆಗಿದ್ದಾರೆ ಎಂದು ಹೇಳಿದ. ಹುಬ್ಬಳ್ಳಿ ಎಂದರೆ ಅರಬೈಲ್ ಘಟ್ಟ ಹತ್ತಬೇಕು. ಮಂಗೇಶ ಎಡಗೈಯಿಂದ ಅವನ ಅಂಗಿ ಹಿಡಿದುಕೊಂಡ.

"ಎಣ್ಣೆ," ಎಂದ. "ಎಣ್ಣೆ. ಎಣ್ಣೆ."

"ಕೈ ಬಾಳ ಸೆಳೀತದೆ ಕಾಣ್ತದೆ ದುರ್ಗಕ್ಕ," ಎಂದ ಬೀರು ಒಳಗೆ ನೋಡಿ. "ಮೊದ್ಲು ಅಣ್ಣಂಗೆ ಎಣ್ಣೆ ಹಚ್ಚಿ, ಪ್ಯಾಟೆಗೆ ಆಮೇಲೆ ಹೋದ್ರಾಯ್ತು." ಅಂಗಿಯ ಮೇಲಿನ ಬೆರಳುಗಳನ್ನು ಮೆಲ್ಲಗೆ ಬಿಡಿಸಿದ. "ಸಂಜೀಗೆ ಬರ್ತೆ ಅಣ್ಣ. ಹುಬ್ಬಳ್ಳಿಂದ ನಿಮ್ಗೆ ಎಂತಾದ್ರೂ ತರ್ತೆ."

ಗಾಡಿ ಹೋಯಿತು. ದುರ್ಗಿ ಬಟ್ಟಲು ಹಿಡಿದು ಬಂದು ಮಂಚದ ಅಂಚಿಗೆ ಕೂತಳು. ಅವಳ ಕೈ ಅವನ ಭುಜಕ್ಕೆ ತಾಗುವ ಮೊದಲೇ ಮಂಗೇಶ ಎಡಗೈಯ ಬೆರಳನ್ನು ಬಟ್ಟಲಿಗೆ ಅದ್ದಿದ. ಬ್ಯಾಡ ಎನ್ನಲಿಲ್ಲ, ದೂಡಲಿಲ್ಲ. ಬೆರಳನ್ನು ಹೆಬ್ಬೆರಳಿಗೆ ತಿಕ್ಕಿದ. ಮೂಗಿಗೆ ಹಿಡಿದ. ಲುಂಗಿಗೆ ಒರೆಸಿದ. ಆಮೇಲೆ ಕಿಟಕಿಯಾಚೆ, ಗಾಡಿ ನಿಲ್ಲುವ ಜಾಗದಲ್ಲಿ ನೆಲಕ್ಕೆ ಅಂಟಿದ್ದ ಕರಿಯ ಕಲೆಯ ಕಡೆ ಕೈ ತೋರಿಸಿ ಹೆಂಡತಿಯ ಮುಖ ನೋಡಿದ.

ದುರ್ಗಿ ಲುಂಗಿಯ ಮೇಲಿನ ಹೊಸ ಕಲೆಯನ್ನು ನೋಡಿದಳು. ಕಿಟಕಿಯ ಕಡೆ ನೋಡಿದಳು.

"ಗಾಡಿ ಎಣ್ಣೆಯಾ?" ಎಂದಳು ಮೆಲ್ಲಗೆ. "ಇಷ್ಟ್ ದಿನ ಗಾಡಿ ಎಣ್ಣೆ ಹೇಳ್ತಾ ಇದ್ರಾ?"

"ಹಾಂ," ಎಂದ ಮಂಗೇಶ. "ಹಾಂ, ಹಾಂ." ಹೇಳುತ್ತ ಹೇಳುತ್ತ ಅವನ ಕಣ್ಣಿನಿಂದ ನೀರು ಇಳಿಯಿತು.

ಅವಳು ಎಣ್ಣೆಗೈಯಲ್ಲೇ ಎದ್ದು ರಸ್ತೆಬದಿಯ ಫೋನ್ ಅಂಗಡಿಗೆ ಓಡಿದಳು. ಬೀರುವಿನ ಮೊಬೈಲು ಹತ್ತಲಿಲ್ಲ. ವ್ಯಾಪ್ತಿ ಪ್ರದೇಶದ ಹೊರಗಿದೆ ಎಂದು ಹೆಂಗಸೊಬ್ಬಳ ದನಿ ಹೇಳಿತು. ಅಂಗಡಿಯವನು ಹುಡುಕಾಡಿ ರಾಮನಗುಳಿಯ ಒಂದು ಹೋಟೆಲಿಗೆ ಫೋನು ಹಚ್ಚಿಕೊಟ್ಟ. ಬಿಳಿ ಅಂಬಾಸಿಡರಿನವರು ಚಾ ಕುಡಿದು ಈಗಷ್ಟೇ ಎದ್ದು ಹೋದರು ಎಂಬ ಉತ್ತರ ಬಂತು. ದುರ್ಗಿ ಮರಳಿ ಬಂದು ಅದನ್ನೇ ಗಂಡನಿಗೆ ಹೇಳಿ ಮಂಚದ ಪಕ್ಕ ನೆಲದ ಮೇಲೆ ಕೂತಳು. ಅಂದು ಅವಳು ಮೀನುಪೇಟೆಗೆ ಹೋಗಲಿಲ್ಲ. ಇಬ್ಬರೂ ರಸ್ತೆಯ ಸದ್ದು ಕೇಳುತ್ತ ಕಾದರು.

ಸಂಜೆ ಬೀರು ಬಂದದ್ದು ಯಾವುದೋ ಲಾರಿಯಲ್ಲಿ. ಜಗಲಿ ಹತ್ತಲು ಹಿಂಜರಿದು ಮೆಟ್ಟಿಲ ಕೆಳಗೇ ನಿಂತ.

"ಯಾರ್ಗಾದ್ರೂ ಏನಾದ್ರೂ ಆಯ್ತನಾ ಬೀರು?" ಎಂದು ದುರ್ಗಿ ಕೇಳಿದಳು.

"ಇಲ್ಲ ಅಕ್ಕ. ಯಾರ್ಗೂ ಏನೂ ಆಗ್ಲಿಲ್ಲ." ಅವನು ಟವೆಲಿನಿಂದ ಮುಖ ಒರೆಸಿಕೊಂಡ. ಘಟ್ಟದ ಎತ್ತರದ ತಿರುವಿನಲ್ಲಿ ಆಯ್ಲಿನ ಕೆಂಪು ದೀಪ ಹತ್ತಿತಂತೆ. ಬದಿಗೆ ನಿಲ್ಲಿಸೋಣ ಎಂದುಕೊಳ್ಳುವಷ್ಟರಲ್ಲಿ ಇಂಜಿನ್ ಗಡಗಡಿಸಿ ಬಿಗಿದುಹೋಯಿತು. ಗಾಡಿ ಹಿಂದಕ್ಕೆ ಜಾರತೊಡಗಿತು, ಹಿಂದೆ ಕಣಿವೆ. ಹ್ಯಾಂಡ್ ಬ್ರೇಕ್ ಎಳೆದು, ಗುಡ್ಡದ ಬದಿಗೆ ತಿರುಗಿಸಿ, ಚರಂಡಿಗೆ ಚಕ್ರ ಇಳಿಸಿ ನಿಲ್ಲಿಸಿದ. ಕಣ್ಣು ಕಾಣದ ಮುದುಕಿ ಏನಾಯಿತೆಂದು ತಿಳಿಯದೆ ಕೇಳುತ್ತಲೇ ಇದ್ದಳಂತೆ. ಅವರನ್ನು ಇನ್ನೊಂದು ಗಾಡಿಗೆ ಹತ್ತಿಸಿ ಕಳಿಸಿದ್ದಾಯಿತು.

"ನಾ ದಿನಾ ಕಡ್ಡಿ ತೆಗ್ದು ನೋಡ್ತಿದ್ದೆ ಅಣ್ಣ," ಎಂದ ಬೀರು, ಮಂಗೇಶನ ಕಿಟಕಿಯ ಕಡೆಗೆ ತಿರುಗಿ. "ಲೆವೆಲ್ ಸಮಾ ಇತ್ತು. ಕಮ್ಮಿಯಾದ್ರೆ ಹಾಕ್ತಿದ್ದೆ. ನಿಮ್ಮ ಗಾಡಿ, ನೀವು ಬದ್ಲಿ ಮಾಡೇ ಇಟ್ಟಿರ್ತ್ರಿ ಅಂದ್ಕಂಡೆ. ಕೇಳೂಕೂ ನಿಮ್ಗೆ ಮಾತಿರ್ಲಿಲ್ಲ."

ಮಂಗೇಶ ಅವನನ್ನು ನೋಡಿದ. ಸಿಟ್ಟು ಬರುತ್ತದೆಂದು ತಾನೇ ಕಾಯುತ್ತಿದ್ದಂತೆ ಇದ್ದ, ಬರಲಿಲ್ಲ. ಈ ಮನುಷ್ಯ ಜಾರುವ ಗಾಡಿಯನ್ನು ಕಣಿವೆಯ ಕಡೆಗೆ ಬಿಡದೆ ಗುಡ್ಡದ ಕಡೆಗೆ ತಿರುಗಿಸಿದ್ದಾನೆ. ಎಡಗೈ ಎತ್ತಿ ಒಳಗೆ ಬಾ ಎಂದು ಸನ್ನೆ ಮಾಡಿದ. ಬೀರು ಬಂದು ಮಂಚದ ಬಳಿ ಕೂತು ತಲೆ ತಗ್ಗಿಸಿದ. ದುರ್ಗಿ ಚಾ ಮಾಡಲು ಎದ್ದಳು.

ಮರುದಿನ ಗಾಡಿಯನ್ನು ಎಳೆದು ತಂದು ಅಂಗಳದಲ್ಲಿ ನಿಲ್ಲಿಸಿದರು. ಮೆಕ್ಯಾನಿಕ್ ಅಡಿಗೆ ನುಸುಳಿ ಬೋಲ್ಟು ಬಿಚ್ಚಿದಾಗ ಆಯ್ಲು ಹರಿಯಲಿಲ್ಲ. ಆಲೆಮನೆಯ ತಳ ಹಿಡಿದ ಬೆಲ್ಲದಂತೆ ಮುದ್ದೆ ಮುದ್ದೆಯಾಗಿ ಬಿತ್ತು. ಬೇರಿಂಗ್ ಸವೆದು ಹೋಗಿತ್ತು. ಇನ್ನು ಈ ಇಂಜಿನ್ ಆಗದು, ಬೇರೆಯದನ್ನೇ ಕೂರಿಸಬೇಕು ಎಂದು ಅವನು ಹೇಳಿದ್ದನ್ನು ಜಗಲಿಗೆ ಎತ್ತಿ ತಂದು ಕೂರಿಸಿದ್ದ ಮಂಗೇಶ ಕೇಳಿಸಿಕೊಂಡ. ಸುತ್ತ ನೆರೆದವರು ಒಬ್ಬೊಬ್ಬರಾಗಿ ಹೊರಟರು.

ಜನ ಹೋದಮೇಲೆ ದುರ್ಗಿ ಅವನ ಎದುರು ಮಣೆ ಹಾಕಿಕೊಂಡು ಕೂತಳು. ಅವಳ ಮನಸ್ಸಿನಲ್ಲಿ ಗಾಡಿ ಇರಲಿಲ್ಲ.

"ಮತ್ತೆ ಎಂತೆಂತ ಹೇಳಿದ್ರಿ ನೀವು?" ಎಂದಳು. "ನಮ್ಗೆ ತಿಳೀದೇ ಇದ್ದದ್ದು ಮತ್ತೆ ಎಂತ ಇತ್ತು?"

ಮಂಗೇಶ ಯೋಚಿಸಿದ. ಹಣೆಯ ಮೇಲೆ ಬೆವರು ಬಂತು. "ಬಾಗ್ಲು," ಎಂದ.

"ಗಾಳಿ ಬರ್ತದೆ, ಹಾಕು ಅಂತ ಅಲ್ವಾ?"

"ಬ್ಯಾಡ." ಎಡಗೈಯನ್ನು ಅಗಲವಾಗಿ ತೆರೆದು ತೋರಿಸಿದ. ಬಾಗಿಲು ತೆರೆದಿಡಿ ಎಂದು ಅವನು ಹೇಳಿದ್ದ. ಅವರು ಪ್ರತಿಸಲ ಮುಚ್ಚಿ, ಮೇಲೆ ಒಂದು ಕಂಬಳಿಯನ್ನೂ ಹೊದಿಸಿದ್ದರು. ದುರ್ಗಿಯ ಕಣ್ಣು ತುಂಬಿತು. ಎದ್ದು ಬಾಗಿಲಿಗೆ ಒಂದು ಕಲ್ಲು ಅಡ್ಡ ಇಟ್ಟು ಬಂದು ಕೂತಳು. "ಮತ್ತೆ?"

"ಲತಾ."

"ನಾಡಿದ್ದು ಬರ್ತಾಳೆ..." ಎಂದು ರೂಢಿಯಂತೆ ಹೇಳಹೊರಟವಳು ತಡೆದಳು. ಮಂಗೇಶ ತಲೆ ಅಲ್ಲಾಡಿಸುತ್ತಿದ್ದ. ಕೈ ಚಾಚಿ ಅವಳ ಎದೆಯ ಬಳಿ, ತಾಳಿಯ ಮೇಲೆ ಬೆರಳಿಟ್ಟ. "ಲತಾ," ಎಂದ ಮತ್ತೆ, ಮುಂದಿನದನ್ನು ಹೇಳಲು ತುಟಿ ಅದುರಿಸಿದ. ಬರಲಿಲ್ಲ.

ಮಗಳು ಹುಟ್ಟಿದ ಮೇಲೆ ಅವನು ಹೆಂಡತಿಯನ್ನು ಹೆಸರು ಹಿಡಿದು ಕರೆದವನೇ ಅಲ್ಲ. "ಲತಾನ ಆಯಿ" ಎಂದೇ, ಎಂದರೆ ಲತಾಳ ತಾಯಿ ಎಂದೇ, ಕರೆಯುವುದು. ಅರ್ಧ ಮಾತು ರೋಗಕ್ಕೆ ಹೋಗಿತ್ತು. ಉಳಿದ ಅರ್ಧದಲ್ಲಿ ಅವನು ಈ ತಿಂಗಳುಗಳೆಲ್ಲ ಕರೆದದ್ದು ತನ್ನನ್ನೇ ಎಂದು ದುರ್ಗಿಗೆ ತಿಳಿಯಿತು. ಅವಳು ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, "ಇಲ್ಲೇ ಇದ್ದೆ," ಎಂದಳು. "ಇಲ್ಲೇ ಇದ್ದೆ ನಾ."

ಆಮೇಲೆ ಆ ಮನೆಯಲ್ಲಿ ಮಂಗೇಶನ ಮಾತಿಗೆ ಯಾರೂ ಅವಸರದ ಅರ್ಥ ಹಚ್ಚಲಿಲ್ಲ. ಅವನು ಒಂದು ಶಬ್ದ ಹೇಳಿದರೆ ದುರ್ಗಿ ಕೈಯ ಕೆಲಸ ಬಿಟ್ಟು ಬಂದು ಕೂತು, ಇದಾ, ಅದಾ ಎಂದು ಒಂದೊಂದೇ ಕೇಳುವಳು. ಅದಕ್ಕೆ ಹೊತ್ತು ಹಿಡಿಯುತ್ತಿತ್ತು, ಮೀನುಪೇಟೆಗೆ ತಡವಾಗುತ್ತಿತ್ತು. ಆಗಲಿ ಎಂದಳು. ಲತಾಳಿಗೂ ಹಾಗೆಯೇ ಹೇಳಿಕೊಟ್ಟಳು. ಬೀರು ಹುಬ್ಬಳ್ಳಿಯಲ್ಲಿ ಇನ್ನೊಂದು ಹಳೆಯ ಅಂಬಾಸಿಡರಿನ ಇಂಜಿನ್ ಹುಡುಕಿ ತಂದು, ಮೆಕ್ಯಾನಿಕ್ಕಿನ ಜೊತೆ ತಾನೂ ನಿಂತು ಕೂರಿಸಿದ. ಅದರ ಆಯ್ಲ್ ಯಾವಾಗ ಬದಲಿಸಬೇಕೆಂದು ಅವನು ಮಂಗೇಶನನ್ನು ಕೇಳಿದ ರೀತಿ ಹೀಗಿತ್ತು: ಹಬ್ಬಗಳ ಹೆಸರನ್ನು ಒಂದೊಂದಾಗಿ ಹೇಳುತ್ತ ಹೋಗುವುದು, ಮಂಗೇಶ "ಹಾಂ" ಎಂದಲ್ಲಿ ನಿಲ್ಲುವುದು. ಯುಗಾದಿಗೆ ಒಮ್ಮೆ, ಚೌತಿಗೆ ಒಮ್ಮೆ, ದೀಪಾವಳಿಗೆ ಒಮ್ಮೆ. ಘಟ್ಟದ ಬಾಡಿಗೆ ಹೆಚ್ಚಾದರೆ ನಡುವೆ ಮತ್ತೊಮ್ಮೆ.

ಮಳೆಗಾಲ ಮುಗಿದು ಕಡಲು ತಿಳಿಯಾದ ಮೇಲೆ ಒಂದು ದಿನ ಬೀರು ಮತ್ತು ದುರ್ಗಿ ಮಂಗೇಶನನ್ನು ಗಾಡಿಯ ಮುಂದಿನ ಸೀಟಿನಲ್ಲಿ ಕೂರಿಸಿ ಕೇಣಿಯ ದಂಡೆಗೆ ಕರೆದೊಯ್ದರು. ಅಲ್ಲಿ ರಂಪಣಿ ಬಲೆ ಎಳೆಯುತ್ತಿದ್ದರು. ಅದು ಊರಿಗೆ ಊರೇ ಸೇರಿ ದಂಡೆಯಿಂದ ಎಳೆಯುವ ದೊಡ್ಡ ಬಲೆ. ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಪಾಲು ಸಿಗುವುದು ಅಲ್ಲಿನ ವಾಡಿಕೆ. ಮಂಗೇಶನನ್ನು ಕುರ್ಚಿಯ ಮೇಲೆ ಮರಳಿನಲ್ಲಿ ಕೂರಿಸಿದಾಗ ಎಳೆಯುವವರ ಸಾಲು ಹಿಂದೆ ಹಿಂದೆ ಬರುತ್ತ ಅವನ ಪಕ್ಕಕ್ಕೇ ಬಂತು. ಅವನು ಎಡಗೈ ಚಾಚಿ ಹಗ್ಗ ಹಿಡಿದ. ಯಾರೂ ಬಿಡಿಸಲಿಲ್ಲ. ಹಸಿ ಹಗ್ಗ ಅವನ ಅಂಗೈಯಲ್ಲಿ ಜಾರುತ್ತ, ಸೆಳೆಯುತ್ತ ಹೋಯಿತು. ಮುಂದಿನವರು "ಹೋ" ಎಂದಾಗ ಅವನ ಬಾಯಿಂದಲೂ "ಹೋ" ಬಂತು.

ಬಲೆ ದಡ ಸೇರಿತು. ಬಲೆಯ ಮುಖ್ಯಸ್ಥನಾದ ತಾಂಡೇಲ ಮೀನು ಹಂಚುತ್ತ ಬಂದು, ಮಂಗೇಶನ ಕುರ್ಚಿಯ ಮುಂದೆಯೂ ಒಂದು ಪಾಲು ಬಂಗಡೆ ಸುರಿದ.

"ಇವ್ರಿಗೆ ಪಾಲು ಎಂತಕ್ಕೆ?" ಎಂದಳು ದುರ್ಗಿ, ನಾಚಿಕೆಯಿಂದ. "ಇವ್ರು ಎಳ್ದದ್ದು ಎಷ್ಟು?"

"ಹಗ್ಗ ಹಿಡ್ದಿದ್ರಲ್ಲ ದುರ್ಗಕ್ಕ," ಎಂದ ತಾಂಡೇಲ, ಮತ್ತು ಮುಂದಿನವನ ಕಡೆಗೆ ಹೋದ.

ದುರ್ಗಿ ಸೆರಗು ಸಿಕ್ಕಿಸಿ ಬಾಗಿ, ಇನ್ನೂ ಮಿಡುಕುತ್ತಿದ್ದ ಮೀನುಗಳನ್ನು ಬುಟ್ಟಿಗೆ ತುಂಬಿಕೊಂಡಳು. ಅವನ್ನು ಅವಳು ಮಾರಲು ಪೇಟೆಗೆ ಒಯ್ಯಲಿಲ್ಲ, ಗಂಡನ ಪಾಲೆಂದು ಮನೆಗೇ ಒಯ್ದಳು.